ಒಣಗಿದ ಸಿಪ್ಪೆ ‘ಹಸಿ ಕಸ’ ಹೇಗಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಬೆಂಗಳೂರಿನಲ್ಲಿ ಇರುವವರಿಗೆ ದಿನಾ ಬೆಳಿಗ್ಗೆ ಕಸದ ಗಾಡಿ ಬಂದಾಗ ಕಿವಿಗೆ ಬೀಳುವ ಪದವೇ. ಹಸಿ ಕಸ, ಒಣ ಕಸ. ಕೊಳೆತು ಗೊಬ್ಬರ ಆಗುವುದು ಹಸಿ ಕಸ, ಪ್ಲಾಸ್ಟಿಕ್, ಪೇಪರ್ ಥರದ್ದು ಒಣ ಕಸ ಅಂತ ಲೆಕ್ಕ.

ನಮ್ಮ ಮನೆ ಬಸವನಗುಡಿಯಲ್ಲಿದೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಅಲ್ವಾ, ಆ ವಾರವೆಲ್ಲ ಮನೆಯಲ್ಲಿ ಸಿಪ್ಪೆಯ ರಾಶಿ. ನಮ್ಮ ಮನೆಗೆಲಸಕ್ಕೆ ಬರುವವರು ಕೋಲಾರದ ಕಡೆಯವರು. ಹುರಿದ ಕಡಲೆಕಾಯಿ ಸಿಪ್ಪೆಯನ್ನೆಲ್ಲ ಗುಡಿಸಿ ಒಣ ಕಸದ ಚೀಲಕ್ಕೆ ಹಾಕಿದರು. ತೊಳೆದು ಇನ್ನೂ ನೀರು ಸೋರುತ್ತಿದ್ದ ಹಾಲಿನ ಕವರನ್ನು ಹಸಿ ಕಸದ ಬುಟ್ಟಿಗೆ ಹಾಕಿದರು. ಅದು ಉಲ್ಟಾ ಆಯಿತು ಅಂದೆ. ಅವರು ಒಂದು ಸಿಪ್ಪೆಯನ್ನು ಬೆರಳಲ್ಲಿ ಹಿಸುಕಿ ಪುಡಿ ಮಾಡಿ ತೋರಿಸಿ ಕೇಳಿದರು: “ಇಷ್ಟು ಒಣಗಿದೆಯಲ್ಲಕ್ಕಾ, ಇದು ಹಸಿ ಹೆಂಗಾಯ್ತದೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಪದ ಏನು ಹೇಳುತ್ತದೋ ಅವರು ಅದನ್ನೇ ಮಾಡಿದ್ದರು.

ಆಮೇಲೆ ‘ಹಸಿ’ಯನ್ನು ನಾವು ಎಲ್ಲೆಲ್ಲಿ ಬಳಸುತ್ತೇವೆ ಅಂತ ಯೋಚಿಸುತ್ತಾ ಕೂತೆ. ಹಸಿ ಮೆಣಸಿನಕಾಯಿ, ಹಸಿ ಶುಂಠಿ. ಇವುಗಳ ಎದುರಿಗೆ ಒಣ ಮೆಣಸಿನಕಾಯಿ, ಒಣ ಶುಂಠಿ. ಇಲ್ಲಿ ಹಸಿ ಅಂದರೆ ಒಳಗಿನ ರಸ ಇನ್ನೂ ಆರಿಲ್ಲ ಅಂತ. ಹಸಿ ಹಾಲು ಅಂದರೆ ಕಾಯಿಸದ್ದು. ಸಾರು ಕುದಿಯುವಾಗ ‘ಹಸಿ ವಾಸನೆ ಹೋಗಲಿ’ ಅಂತೀವಿ, ಅದು ಬೇಯದ್ದು. ಹಸಿ ಗಾಯ, ಹಸಿ ಬಾಣಂತಿ, ಇವೆರಡರಲ್ಲೂ ‘ಈಗಷ್ಟೇ ಆದದ್ದು, ಇನ್ನೂ ಮಾಗಿಲ್ಲ’ ಅನ್ನುವ ಭಾವ. ಹಸಿ ಸುಳ್ಳು ಬೇರೆಯೇ ಕತೆ. ಇಷ್ಟು ಅರ್ಥಗಳಲ್ಲಿ ಒಂದರಲ್ಲೂ ‘ಕೊಳೆಯುವಂಥದ್ದು’ ಅನ್ನುವ ಅರ್ಥ ನನಗೆ ಕಾಣಲಿಲ್ಲ. ಆದರೆ ಕಸದ ವಿಷಯದಲ್ಲಿ ಬೇಕಾಗಿರುವುದು ಅದೊಂದೇ ಅರ್ಥ.

ಬೇಯದ್ದು ಅನ್ನುವ ಅರ್ಥವೂ ಇರುವುದರಿಂದ ಇನ್ನೊಂದು ತೊಡಕು ಇದೆ. ಪಕ್ಕದ ಮನೆಯ ಅಜ್ಜಿ ಒಮ್ಮೆ ಕೇಳಿದ್ದರು, ಉಳಿದ ಅನ್ನ ಸಾರು ಬೆಂದದ್ದಲ್ವಾ, ಅದು ಹಸಿ ಕಸಕ್ಕೆ ಹೋಗತ್ತಾ ಅಂತ. ನಾನು ಆಗ ಸುಮ್ನೆ ಹೌದು ಅಂದುಬಿಟ್ಟಿದ್ದೆ. ಅವರ ಪ್ರಶ್ನೆಯಲ್ಲಿ ಎಷ್ಟು ಅರ್ಥವಿತ್ತು ಅಂತ ಈಗ ಗೊತ್ತಾಗುತ್ತಿದೆ.

ಪದ ಆರಿಸಿದವರನ್ನು ನಾನು ದೂರುತ್ತಿಲ್ಲ. ‘ವೆಟ್ ವೇಸ್ಟ್’ ಅನ್ನುವುದಕ್ಕೆ ‘ಒದ್ದೆ ಕಸ’ ಅಂತ ಮಾಡಿದ್ದರೆ ಇನ್ನೂ ಕೆಡುತ್ತಿತ್ತು. ಒದ್ದೆ ಅಂದರೆ ಹೊರಗಿನಿಂದ ನೀರು ಬಿದ್ದದ್ದು, ಹಸಿ ಅಂದರೆ ತನ್ನದೇ ರಸ ಇರುವುದು. ಮಳೆಯಲ್ಲಿ ನೆನೆದ ರಟ್ಟಿನ ಡಬ್ಬ ಒದ್ದೆ, ಸೋರೆಕಾಯಿ ಸಿಪ್ಪೆ ಹಸಿ. ಬಟ್ಟೆ ಇನ್ನೂ ಹಸಿ ಇದೆ ಅಂತ ಹೇಳುವವರೂ ಇದ್ದಾರೆ, ಹಾಗಾಗಿ ಈ ಗೆರೆ ಎಲ್ಲ ಕಡೆ ಗಟ್ಟಿಯಾಗಿಲ್ಲ, ಆದರೂ ಒದ್ದೆಗಿಂತ ಹಸಿ ಎಷ್ಟೋ ವಾಸಿ. ತೊಂದರೆ ಇಂಗ್ಲಿಷ್ ಪದದಲ್ಲೇ ಇತ್ತು, ಅದು ಹಾಗೇ ಕನ್ನಡಕ್ಕೂ ಬಂತು. 2016ರ ಘನತ್ಯಾಜ್ಯ ನಿಯಮಗಳನ್ನೇ ನೋಡಿ. ಅಲ್ಲಿ ಮನೆಯಲ್ಲೇ ಮೂರಾಗಿ ಬೇರೆ ಮಾಡಬೇಕು ಅನ್ನುವ ಕಡೆ ಕೊಳೆಯುವುದು, ಕೊಳೆಯದ್ದು, ಮನೆಯ ಅಪಾಯಕಾರಿ ಕಸ ಅನ್ನುವ ಅರ್ಥದ ಮಾತುಗಳೇ ಇದ್ದದ್ದು. ನೀರಿನ ಅಂಶದ ಮೇಲೆ ಮಾಡಿದ ವಿಂಗಡಣೆ ಅದಲ್ಲ.

ಪದ ತಪ್ಪು ದಾರಿ ತೋರಿಸಿದರೆ ಏನಾಗುತ್ತದೆ ಅಂದರೆ, ಬಾಡಿದ ದೇವರ ಹೂವು, ಈರುಳ್ಳಿ ಸಿಪ್ಪೆ, ಒಣಗಿದ ಎಲೆ ಎಲ್ಲ ಪ್ಲಾಸ್ಟಿಕ್ ಜೊತೆ ಸೇರುತ್ತವೆ. ಅದು ಅಷ್ಟು ದೊಡ್ಡ ನಷ್ಟವಲ್ಲ. ಹಾಲಿನ ಕವರ್, ಸಾಂಬಾರ್ ಕಟ್ಟಿಕೊಟ್ಟ ಪ್ಲಾಸ್ಟಿಕ್ ಕವರ್ ಹಸಿ ಕಸಕ್ಕೆ ಬಿದ್ದರೆ ಮಾತ್ರ ಗೊಬ್ಬರವೇ ಹಾಳು. ಅದನ್ನು ಆಮೇಲೆ ಕೈಯಿಂದ ಆರಿಸುವವರು ಯಾರು ಅಂತ ನಮಗೆಲ್ಲ ಗೊತ್ತಿದೆ. ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ಎಷ್ಟೋ ವರ್ಷ ನಮ್ಮ ಬೆರಕೆ ಕಸದ ನಾತ ಸಹಿಸಿದ್ದಾರೆ. ಅವರು ಜಗಳಕ್ಕೆ ನಿಂತ ಮೇಲೆಯೇ ಈ ಊರು ಬೇರೆ ಮಾಡುವುದರ ಬಗ್ಗೆ ಗಟ್ಟಿಯಾಗಿ ಮಾತಾಡಿದ್ದು, 2015ರ ಕೊನೆಗೆ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿದ್ದು. ಹಾಗಾಗಿ ಇದು ಬರೀ ಪದದ ಮೇಲಿನ ಪ್ರೀತಿಯಿಂದ ಕೇಳುತ್ತಿರುವ ಪ್ರಶ್ನೆಯಲ್ಲ.

ಈಗ ನನಗೆ ಹೊಳೆದದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ನಮ್ಮ ಹಳೆಯ ಮಾತುಗಳು ಕಸ ಹಸಿಯಾ ಒಣವಾ ಅಂತ ನೋಡುತ್ತಿರಲಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಿದ್ದವು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಅನ್ನ ಎಲ್ಲ ಸೇರಿ ಹಸುವಿಗೆ ಹೋಗುವುದು ಕಲಗಚ್ಚು. ಸಗಣಿ, ಗುಡಿಸಿದ ಕಸ, ಒಣಗಿದ ಸೊಪ್ಪು ಸದೆ ತಿಪ್ಪೆಗೆ. ಹಳೇ ಪೇಪರ್, ಖಾಲಿ ಬಾಟಲಿ, ಕಬ್ಬಿಣ ಗುಜರಿಗೆ. ಉತ್ತರ ಕರ್ನಾಟಕದ ಕಡೆ ರದ್ದಿ ಅಂತಾರೆ. ಕಲಗಚ್ಚಿನ ಬಾನಿಗೆ ಗಾಜಿನ ಚೂರು ಹಾಕಬಾರದು ಅಂತ ಯಾರಿಗೂ ಪಾಠ ಮಾಡಬೇಕಿರಲಿಲ್ಲ, ಹಸು ತಿನ್ನುವುದು ಅದನ್ನೇ ಅಲ್ವಾ. ಹೆಸರಿನಲ್ಲೇ ನಿಯಮ ಇತ್ತು.

ಅದಕ್ಕೇ ಮನೆಯಲ್ಲಿ ಒಂದು ಪ್ರಯತ್ನ ಮಾಡಿದೆ. ಬುಟ್ಟಿಗೆ ‘ಗೊಬ್ಬರದ ಕಸ’ ಅಂತಲೂ ಚೀಲಕ್ಕೆ ‘ಗುಜರಿ ಕಸ’ ಅಂತಲೂ ಕರೆಯುವುದು. ಕಡಲೆಕಾಯಿ ಸಿಪ್ಪೆ ಗೊಬ್ಬರ ಆಗುತ್ತಾ? ಆಗುತ್ತೆ. ಹಾಲಿನ ಕವರ್? ಅದು ಗುಜರಿಗೆ. ನಮ್ಮ ಮನೆಗೆಲಸದವರು ಮಾರನೇ ದಿನದಿಂದ ಒಂದನ್ನೂ ತಪ್ಪಲಿಲ್ಲ. ತೆಂಗಿನ ಚಿಪ್ಪಿನಲ್ಲಿ ಮಾತ್ರ ಈಗಲೂ ನಿಲ್ಲುತ್ತೇವೆ. ಅದು ಗೊಬ್ಬರ ಆಗಲು ವರ್ಷಗಳೇ ಬೇಕು, ನಾನು ಬೇರೆ ಇಟ್ಟು ಬಿಸಿನೀರಿನ ಒಲೆ ಇರುವ ಮನೆಗೆ ಕೊಡುತ್ತೇನೆ.

‘ಗುಜರಿ ಕಸ’ದಲ್ಲಿ ಒಂದು ಕೊರತೆ ಇದೆ ಅಂತ ನನಗೇ ಗೊತ್ತು. ಚಿಪ್ಸ್ ಕವರನ್ನು ಗುಜರಿಯವರು ತೆಗೆದುಕೊಳ್ಳುವುದಿಲ್ಲ. ಆದರೂ ಅದು ಇದೇ ಚೀಲಕ್ಕೆ ಬರಬೇಕು.

ಇದಕ್ಕೆ ಹೊಂದಿಕೊಂಡೇ ‘ಮರುಬಳಕೆ’ ಅನ್ನುವುದನ್ನೂ ಕೇಳಿಬಿಡುತ್ತೇನೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಬೇಳೆ ತುಂಬಿಡುವುದೂ ಮರುಬಳಕೆ, ಅದೇ ಬಾಟಲಿಯನ್ನು ಒಡೆದು ಕರಗಿಸಿ ಹೊಸ ಗಾಜು ಮಾಡುವುದೂ ಮರುಬಳಕೆ. ಎರಡೂ ಒಂದೇ ಅಲ್ಲ. ಮೊದಲನೆಯದಕ್ಕೆ ಬೆಂಕಿ, ನೀರು, ಲಾರಿ ಯಾವುದೂ ಬೇಡ. ಎರಡನೆಯದಕ್ಕೆ ‘ಮರುಚಕ್ರೀಕರಣ’ ಅಂತ ಓದಿದ್ದೇನೆ, ಆದರೆ ಯಾರ ಬಾಯಲ್ಲೂ ಕೇಳಿಲ್ಲ. ‘ಕರಗಿಸಿ ಮಾಡಿದ್ದು’ ಅಂದರೆ ಗಾಜಿಗೆ, ಕಬ್ಬಿಣಕ್ಕೆ ಸರಿ, ಪೇಪರಿಗೆ ಅಷ್ಟು ಸರಿಹೋಗುವುದಿಲ್ಲ, ಅದನ್ನು ನೆನೆಸಿ ಅರೆದು ಮಾಡುತ್ತಾರೆ.

‘ಕಸ’ ಮಾತ್ರ ಬಹಳ ಹಳೆಯ, ಗಟ್ಟಿ ಪದ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಕಸ ಮತ್ತು ಕಸವರ ಜೊತೆಜೊತೆಗೆ ಬರುತ್ತವೆ, ಕಸವರ ಅಂದರೆ ಚಿನ್ನ. ತ್ಯಾಜ್ಯ ಅಂತ ಬೋರ್ಡಿನಲ್ಲಿ ಬರೆಯುವ ಬದಲು ಕಸ ಅಂತಲೇ ಬರೆದರೆ ಏನು ಕಡಿಮೆಯಾಗುತ್ತದೆ?

ಕೊನೆಗೆ ಎರಡನೇ ಬುಟ್ಟಿ. ಪ್ಯಾಡು, ಡೈಪರ್, ಬ್ಯಾಂಡೇಜ್, ಇವುಗಳನ್ನು ಪೇಪರಿನಲ್ಲಿ ಸುತ್ತಿ ಬೇರೆಯೇ ಕೊಡಬೇಕು. ಇದಕ್ಕೆ ಜನರ ಬಾಯಲ್ಲಿ ಒಂದು ಹೆಸರೇ ಇಲ್ಲ. ನಮ್ಮ ಬೀದಿಯಲ್ಲಿ ಗಾಡಿಯವರು ‘ಡೈಪರ್ ಕಸ’ ಅಂತಾರೆ, ಹೆಂಗಸರು ದನಿ ತಗ್ಗಿಸಿ ‘ಅದು’ ಅಂತಾರೆ. ಒಬ್ಬರು ‘ಮೈಲಿಗೆ ಕಸ’ ಅಂತ ಸೂಚಿಸಿದರು. ನನಗೆ ಅದು ಬೇಡವೇ ಬೇಡ. ಆ ಪದ ಕಸದ ಮೇಲೆ ಮಾತ್ರ ನಿಲ್ಲುವುದಿಲ್ಲ, ಅದನ್ನು ಹೊತ್ತು ಹೋಗುವ ಪೌರಕಾರ್ಮಿಕರ ಮೇಲೂ, ಮುಟ್ಟಾದ ಹುಡುಗಿಯ ಮೇಲೂ ಬೀಳುತ್ತದೆ. ‘ಸುತ್ತಿದ ಕಸ’ ಅಂದರೆ ಹೇಗೆ? ಸುತ್ತಿ ಕೊಡಬೇಕು ಅನ್ನುವುದನ್ನು ಹೆಸರೇ ಹೇಳುತ್ತದೆ.

ನಿಮ್ಮ ಊರುಗಳಲ್ಲಿ ಏನಂತಾರೆ ಹೇಳಿ. ಮುಖ್ಯವಾಗಿ ಕರಾವಳಿ, ಮಲೆನಾಡಿನವರು. ಕಲಗಚ್ಚಿಗೆ ಅಲ್ಲಿ ಅಕ್ಕಚ್ಚು ಅನ್ನುತ್ತಾರಲ್ವಾ, ಅದು ಬರೀ ಅಕ್ಕಿ ತೊಳೆದ ನೀರಾ, ಅಥವಾ ಸಿಪ್ಪೆ ಸೇರಿದರೂ ಅದೇ ಹೆಸರಾ?