5,000 ರೂಪಾಯಿಯೊಳಗೆ ಬೆಂಚ್ ಪವರ್ ಸಪ್ಲೈ, ಯಾವುದು ತಗೊಳ್ಳಲಿ?

ಜಮಖಂಡಿ_ಬೋರ್ಡ್:
ಎಲ್ಲರಿಗೂ ನಮಸ್ಕಾರ. ನಮ್ಮ ಕಬ್ಬಿನ ಹೊಲ ಮನೆಯಿಂದ ನಾಲ್ಕು ಕಿಲೋಮೀಟರ್ ದೂರ. ತ್ರೀ ಫೇಸ್ ಬಂತಾ ಇಲ್ವಾ ನೋಡೋಕೆ ಅಪ್ಪ ರಾತ್ರಿ ಎದ್ದು ಅಲ್ಲಿವರೆಗೆ ಹೋಗುತ್ತಾರೆ. ಅದಕ್ಕೆ, ಕರೆಂಟ್ ಬಂದ ಕೂಡಲೇ ಮೊಬೈಲಿಗೆ ಮೆಸೇಜ್ ಕಳಿಸುವ ಸಣ್ಣ ಬೋರ್ಡ್ ಮಾಡುತ್ತಿದ್ದೇನೆ. ಇಎಸ್‌ಪಿ32 ಅನ್ನುವ ಸಣ್ಣ ಕಂಟ್ರೋಲರ್ ಬೋರ್ಡ್, ಜೊತೆಗೆ ಸಿಮ್ ಕಾರ್ಡ್ ಹಾಕಿ ಮೆಸೇಜ್ ಕಳಿಸುವ ಸಿಮ್800ಎಲ್ ಮಾಡ್ಯೂಲ್. ಈವರೆಗೆ 12 ವೋಲ್ಟ್ ಅಡಾಪ್ಟರಿಗೆ ವೋಲ್ಟೇಜ್ ಇಳಿಸುವ ಎಲ್‌ಎಂ2596 ಮಾಡ್ಯೂಲ್ ಹಾಕಿ ಕೆಲಸ ನಡೆಸಿದೆ. ಹೋದ ವಾರ ಸಿಮ್ ಮಾಡ್ಯೂಲ್ ಬಿಚ್ಚದೆಯೇ ಎಲ್‌ಎಂ2596ರ ನೀಲಿ ಪ್ರಿಸೆಟ್ (ವೋಲ್ಟೇಜ್ ಹೊಂದಿಸುವ ಸ್ಕ್ರೂ) ತಿರುಗಿಸಿದೆ, ಮೀಟರ್ ನೋಡುವಷ್ಟರಲ್ಲಿ 4 ವೋಲ್ಟ್ ಇರಬೇಕಾದದ್ದು 9 ದಾಟಿತ್ತು. ಸಿಮ್ ಮಾಡ್ಯೂಲ್ ಸತ್ತಿತು. ಎರಡು ತಿಂಗಳಲ್ಲಿ ಇದು ಎರಡನೆಯದು, ತುಂಬಾ ಬೇಜಾರಾಯಿತು. ಈಗ ವೋಲ್ಟೇಜ್ ಬೇಕಾದಷ್ಟಕ್ಕೆ ಇಟ್ಟುಕೊಳ್ಳಬಹುದಾದ, ಮೇಜಿನ ಮೇಲಿಡುವ ಸರಿಯಾದ ಪವರ್ ಸಪ್ಲೈ ತಗೊಳ್ಳಬೇಕು ಅಂತಿದ್ದೇನೆ. 30 ವೋಲ್ಟ್ 5 ಆಂಪ್ ಸಾಕಾ, 10 ಆಂಪ್ ಬೇಕಾ? ಲೀನಿಯರ್ (ಹೆಚ್ಚುವರಿ ವೋಲ್ಟೇಜನ್ನು ಬಿಸಿಯಾಗಿ ಕಳೆಯುವ ಬಗೆ) ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ, ನಿಜವಾ?

ಗುಮ್ಮಟನಗರಿ:
ತಮ್ಮಾ, ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ) ಇದ್ದರೆ ಹಸಿರು ವೈರನ್ನು ಕಪ್ಪಿಗೆ ಸೇರಿಸು, ಶುರುವಾಗುತ್ತದೆ. ಹಳದಿ 12, ಕೆಂಪು 5, ಕಿತ್ತಳೆ 3.3 ವೋಲ್ಟ್. ಖರ್ಚೇ ಇಲ್ಲ. ನಾನು ಮೂರು ವರ್ಷ ಅದರಲ್ಲೇ ಕೆಲಸ ಮಾಡಿದ್ದೇನೆ.

ಉದ್ಯಮಬಾಗ್_ರಿಪೇರಿ:
ಅಣ್ಣ, ಬೇಸರ ಮಾಡಿಕೊಳ್ಳಬೇಡಿ, ಕಲಿಯುವವರಿಗೆ ಅದು ಬೇಡ. ಅದರಲ್ಲಿ ಕರೆಂಟ್ ಮಿತಿ ನಮ್ಮ ಕೈಯಲ್ಲಿ ಇರುವುದಿಲ್ಲ. 12 ವೋಲ್ಟ್ ಸಾಲಿನಲ್ಲಿ ಹತ್ತು ಹದಿನೈದು ಆಂಪ್ ಸುಲಭವಾಗಿ ಹರಿಯುತ್ತದೆ. ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆ ಇಲ್ಲದೆ ವೈರ್ ಚುಚ್ಚಿ ಜೋಡಿಸುವ ಹಲಗೆ) ಒಂದು ವೈರ್ ಜಾರಿದರೆ ಸಪ್ಲೈ ಟ್ರಿಪ್ ಆಗುವ ಮೊದಲೇ ಜಂಪರ್ ವೈರಿನ ಪ್ಲಾಸ್ಟಿಕ್ ಕರಗಿರುತ್ತದೆ. ಇನ್ನು ಇವರ ಸಿಮ್ ಮಾಡ್ಯೂಲಿಗೆ ಬೇಕಾದ 4 ವೋಲ್ಟ್ ಅದರಲ್ಲಿ ಸಿಗುವುದೂ ಇಲ್ಲ.

ಜಮಖಂಡಿಯವರೇ, ನಾನು ಬೆಳಗಾವಿಯಲ್ಲಿ ಮಷಿನ್ ಬೋರ್ಡ್ ರಿಪೇರಿ ಮಾಡುತ್ತೇನೆ, ದಿನವಿಡೀ ಪವರ್ ಸಪ್ಲೈ ಮುಂದೆಯೇ ಕೂತಿರುತ್ತೇನೆ. ನನ್ನ ಮಾತು ಒಂದೇ. ಎಷ್ಟು ಆಂಪ್ ಕೊಡುತ್ತದೆ ಅಂತ ಮೊದಲು ನೋಡಬೇಡಿ, ಎಷ್ಟಕ್ಕೆ ನಿಲ್ಲಿಸುತ್ತದೆ ಅಂತ ನೋಡಿ. ಕರೆಂಟಿಗೆ ಬೇರೆ ನಾಬ್ ಇರಬೇಕು, ಸಿವಿ (ವೋಲ್ಟೇಜ್ ಇಟ್ಟಷ್ಟೇ ಇದೆ) ಮತ್ತು ಸಿಸಿ (ಕರೆಂಟ್ ಮಿತಿ ಮುಟ್ಟಿದೆ) ಅಂತ ಎರಡು ದೀಪ ಇರಬೇಕು. ಹೊಸ ಬೋರ್ಡ್ ಹಚ್ಚುವ ಮೊದಲು ವೋಲ್ಟೇಜ್ 4ಕ್ಕೆ ಇಡಿ, ಕೆಂಪು ಕಪ್ಪು ಕ್ಲಿಪ್ ಎರಡನ್ನೂ ಒಂದಕ್ಕೊಂದು ಕಚ್ಚಿಸಿ, ಕರೆಂಟ್ ನಾಬ್ ತಿರುಗಿಸಿ 0.20 ಆಂಪ್ ತೋರಿಸುವಂತೆ ಮಾಡಿ, ಆಮೇಲೆ ಕ್ಲಿಪ್ ಬಿಡಿಸಿ. ಈಗ ಬೋರ್ಡಿನಲ್ಲಿ ಶಾರ್ಟ್ ಇದ್ದರೆ ಸಿಸಿ ದೀಪ ಹತ್ತುತ್ತದೆ, ವೋಲ್ಟೇಜ್ ತಾನೇ ಕುಸಿಯುತ್ತದೆ. ಹೊಗೆ ಬರುವುದಿಲ್ಲ, ನೀವು ಸಮಾಧಾನವಾಗಿ ತಪ್ಪು ಹುಡುಕಬಹುದು.

ಆದರೆ ಸಿಮ್800ಎಲ್ ಸ್ವಲ್ಪ ಹಠಮಾರಿ. ಅದಕ್ಕೆ 3.4ರಿಂದ 4.4 ವೋಲ್ಟ್ ಬೇಕು, ಟವರ್ ಹಿಡಿಯುವಾಗ ಕ್ಷಣ ಮಾತ್ರ 2 ಆಂಪ್‌ವರೆಗೂ ಎಳೆಯುತ್ತದೆ. ಮಿತಿ 0.20ಕ್ಕೇ ಬಿಟ್ಟರೆ ಮತ್ತೆ ಮತ್ತೆ ರೀಸೆಟ್ ಆಗುತ್ತದೆ, ಮಾಡ್ಯೂಲೇ ಕೆಟ್ಟಿದೆ ಅಂತ ನೀವು ಸುಮ್ನೆ ತಲೆಕೆಡಿಸಿಕೊಳ್ಳುತ್ತೀರಿ. ಮೊದಲ ಪರೀಕ್ಷೆ ಆದ ಮೇಲೆ ಮಿತಿ 2.5ಕ್ಕೆ ಏರಿಸಿ. ಮಾಡ್ಯೂಲಿನ ಪಿನ್ ಹತ್ತಿರವೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಡಬ್ಬಿಯಲ್ಲಿ ಬರುವ ತೆಳು ಕ್ಲಿಪ್ ವೈರನ್ನು ಪಕ್ಕಕ್ಕಿಡಿ. ವೈರಿನ ರೆಸಿಸ್ಟೆನ್ಸ್ ಬರೀ 0.1 ಓಮ್ ಇದ್ದರೂ 2 ಆಂಪಿಗೆ 0.2 ವೋಲ್ಟ್ ಅಲ್ಲೇ ಹೋಗುತ್ತದೆ, ಡಿಸ್‌ಪ್ಲೇ ಮಾತ್ರ 4.00 ಅಂತಲೇ ತೋರಿಸುತ್ತಿರುತ್ತದೆ.

5 ಆಂಪ್ ಧಾರಾಳ. 10 ಆಂಪಿಗೆ ಕೊಡುವ ದುಡ್ಡನ್ನು ನಾಲ್ಕು ಅಂಕಿಯ ಡಿಸ್‌ಪ್ಲೇಗೆ, ಔಟ್‌ಪುಟ್ ಆನ್ ಆಫ್ ಬಟನ್ನಿಗೆ ಕೊಡಿ. ಆ ಬಟನ್ ಬಹಳ ಮುಖ್ಯ. ಮಿತಿ ಎಷ್ಟೇ ಕಡಿಮೆ ಇಟ್ಟರೂ ಔಟ್‌ಪುಟ್ಟಿನ ಕೆಪಾಸಿಟರಿನಲ್ಲಿ ತುಂಬಿದ ಚಾರ್ಜ್ ಮೊದಲು ನುಗ್ಗುತ್ತದೆ. ಬಟನ್ ಆಫ್ ಮಾಡಿ ಬೋರ್ಡ್ ಹಚ್ಚಿ, ಆಮೇಲೆ ಆನ್ ಮಾಡಿ. ಮತ್ತೆ, ವೋಲ್ಟೇಜ್ ನಾಬ್ ತಪ್ಪಿ ತಿರುಗಿದರೆ ಅದಕ್ಕೆ ಕರೆಂಟ್ ಮಿತಿ ಮದ್ದಲ್ಲ. 4 ಇದ್ದದ್ದು 9 ಆದರೆ ಮಾಡ್ಯೂಲ್ ಹೋಗಬಹುದು. ನಾಬ್ ಲಾಕ್ ಆಗುವ ಮಾಡೆಲ್ ಸಿಕ್ಕರೆ ಅದನ್ನೇ ತಗೊಳ್ಳಿ.

ಗುಮ್ಮಟನಗರಿ:
ಒಪ್ಪಿದೆ. ನನಗೆ ಕೈ ಪಳಗಿದ ಮೇಲೆ ಅದು ಸರಿಹೋಯಿತು, ಹೊಸಬರಿಗೆ ಹೇಳಬಾರದಿತ್ತು. ಲೀನಿಯರ್ ಬಗ್ಗೆ ಕೇಳಿದ್ದೀಯಲ್ಲ, ನನ್ನ ಹತ್ತಿರ ಹಳೆಯದೊಂದಿದೆ. ಔಟ್‌ಪುಟ್ ಬಹಳ ಶುದ್ಧ, ಆಂಪ್ಲಿಫೈಯರ್ ಬೋರ್ಡಿಗೆ ಅದನ್ನೇ ಹಚ್ಚುತ್ತೇನೆ. ಆದರೆ ಲೆಕ್ಕ ನೋಡು. ಒಳಗೆ 35 ವೋಲ್ಟ್ ಇದೆ, ಹೊರಗೆ 5 ವೋಲ್ಟಿನಲ್ಲಿ 3 ಆಂಪ್ ಎಳೆದರೆ 30 ಗುಣಿಲೆ 3, ಅಂದರೆ 90 ವ್ಯಾಟ್ ಬರೀ ಬಿಸಿ. ಅದನ್ನು ತಗ್ಗಿಸೋಕೆ ಒಳಗೆ ರಿಲೇ ಇಟ್ಟು ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಿಸುತ್ತಾರೆ, ನಾಬ್ ತಿರುಗಿಸುವಾಗ ಟಕ್ ಟಕ್ ಅನ್ನುವುದು ಅದೇ. ಆದರೂ ಬಿಸಿ ಪೂರ್ತಿ ಹೋಗುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ವಿಜಯಪುರದ ಸೆಕೆ ನಿನಗೆ ಗೊತ್ತೇ ಇದೆ, ತಗಡಿನ ಕೋಣೆಯಲ್ಲಿ ಫ್ಯಾನ್ ನಿಲ್ಲುವುದೇ ಇಲ್ಲ. ಧೂಳು ಬೇರೆ. ಎರಡು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಬಿಚ್ಚಿ, ಬ್ರಷ್ ಹಾಕುತ್ತೇನೆ. ಹೊಸ ಲೀನಿಯರ್, ಅಂದರೆ ಕೊರಾಡ್ ಕೆಎ3005ಡಿ ಥರದ್ದು, ನಿನ್ನ ಬಜೆಟ್ ದಾಟುತ್ತದೆ. ನಿನ್ನ ಕೆಲಸಕ್ಕೆ ಸ್ವಿಚಿಂಗ್, ಅಂದರೆ ಕರೆಂಟನ್ನು ಬಹಳ ವೇಗವಾಗಿ ಆನ್ ಆಫ್ ಮಾಡಿ ವೋಲ್ಟೇಜ್ ಇಳಿಸುವ ಬಗೆ, ಸಾಕು. ಅದರ ಔಟ್‌ಪುಟ್ಟಿನಲ್ಲಿ ಸ್ವಲ್ಪ ಗದ್ದಲ (ವೋಲ್ಟೇಜಿನ ಸಣ್ಣ ಏರಿಳಿತ) ಇರುತ್ತದೆ, ಇಎಸ್‌ಪಿ32ಗೂ ರಿಲೇಗೂ ಅದರಿಂದ ತೊಂದರೆ ಇಲ್ಲ.

ಇನ್ನೊಂದು ಮಾತು. ಮುಂದೆ ಇರುವ ಹಸಿರು ಟರ್ಮಿನಲ್ ಮೈನಸ್ ಅಲ್ಲ, ಅದು ಅರ್ಥಿಂಗ್. ಕೆಂಪು ಮತ್ತು ಕಪ್ಪು, ಇವೆರಡೇ ನಿನ್ನವು. ಮನೆಯ ತ್ರೀ ಪಿನ್ ಸಾಕೆಟ್ಟಿನಲ್ಲಿ ಅರ್ಥಿಂಗ್ ನಿಜವಾಗಿ ಇದೆಯಾ ಅಂತ ವೈರ್‌ಮನ್ ಕರೆಸಿ ನೋಡಿಸು. ಹಳೇ ಮನೆಗಳಲ್ಲಿ ಪಿನ್ ಇರುತ್ತದೆ, ವೈರೇ ಇರುವುದಿಲ್ಲ.

ಬಾಗಲಕೋಟೆ_24ವೋಲ್ಟ್:
ನೀವೇ ಮಾಡಿಕೊಳ್ಳುವ ಆಸೆ ಇದ್ದರೆ ಡಿಪಿಎಸ್5005 ಮಾಡ್ಯೂಲ್ (ಡಿಸ್‌ಪ್ಲೇ, ನಾಬ್ ಇರುವ ಕಂಟ್ರೋಲ್ ಬೋರ್ಡ್) ಇದೆ ನೋಡಿ. ಹಿಂದೆ 24 ವೋಲ್ಟ್ ಎಸ್‌ಎಂಪಿಎಸ್ ಹಚ್ಚಬೇಕು. ಇದು ವೋಲ್ಟೇಜ್ ಇಳಿಸುತ್ತದೆ ಅಷ್ಟೇ, ಏರಿಸುವುದಿಲ್ಲ, ಹಾಗಾಗಿ 21-22 ವೋಲ್ಟ್‌ವರೆಗೆ ಸಿಗುತ್ತದೆ. ಕರೆಂಟ್ ಮಿತಿ, ಔಟ್‌ಪುಟ್ ಬಟನ್, ನಾಬ್ ಲಾಕ್ ಎಲ್ಲ ಇದೆ. ಆದರೆ ಎಸ್‌ಎಂಪಿಎಸ್‌ನ 230 ವೋಲ್ಟ್ ಸ್ಕ್ರೂಗಳು ತೆರೆದೇ ಇರುತ್ತವೆ. ಗಟ್ಟಿ ಡಬ್ಬಿ, ಫ್ಯೂಸ್ ಇಲ್ಲದೆ ಮೇಜಿನ ಮೇಲೆ ಇಡಲೇಬೇಡಿ. ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಡಬ್ಬಿ ಸಿದ್ಧವಾಗುವವರೆಗೆ ನಾನು ಪ್ಲಗ್ಗಿಗೇ ಹಾಕಲಿಲ್ಲ.

ಜಮಖಂಡಿ_ಬೋರ್ಡ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 230 ವೋಲ್ಟಿನ ಕೆಲಸ ನನಗೆ ಇನ್ನೂ ಬೇಡ, ರೆಡಿಮೇಡ್ ಸ್ವಿಚಿಂಗ್ 30 ವೋಲ್ಟ್ 5 ಆಂಪ್ ತಗೊಳ್ಳುತ್ತೇನೆ. ಬಂದ ಮೇಲೆ 5 ಆಂಪ್ ನಿಜವಾ ಅಂತ ಹೇಗೆ ನೋಡೋದು?

ಉದ್ಯಮಬಾಗ್_ರಿಪೇರಿ:
ಗ್ಯಾರೇಜಿನಲ್ಲಿ ಕಾರಿನ ಹೆಡ್‌ಲೈಟ್ ಬಲ್ಬು ಕೇಳಿ, 12 ವೋಲ್ಟ್ 60 ವ್ಯಾಟಿನದು. 12 ವೋಲ್ಟಿಗೆ ಸುಮಾರು 5 ಆಂಪ್. ಅರ್ಧ ಗಂಟೆ ಉರಿಸಿ, ಹಿಂದಿನ ಗಾಳಿ ಮುಟ್ಟಿ ನೋಡಿ, ಮೀಟರ್ ಹಚ್ಚಿ ವೋಲ್ಟೇಜ್ ಇಳಿಯುತ್ತಾ ನೋಡಿ. ಬಲ್ಬು ಮುಟ್ಟಬೇಡಿ, ಕೈ ಸುಡುತ್ತದೆ.

ಜಮಖಂಡಿ_ಬೋರ್ಡ್:
ನಿನ್ನೆ ಬಂತು. ಬಲ್ಬು ಹಚ್ಚಿದೆ. ಆನ್ ಮಾಡಿದ ಕೂಡಲೇ ಸಿಸಿ ದೀಪ ಹತ್ತಿ, ವೋಲ್ಟೇಜ್ 3ಕ್ಕೆ ಬಿದ್ದು, ನಿಧಾನಕ್ಕೆ 5, 8, 11 ಅಂತ ಏರಿತು. ಕೆಟ್ಟ ಪೀಸ್ ಬಂದಿದೆಯಾ?

ಉದ್ಯಮಬಾಗ್_ರಿಪೇರಿ:
ಇಲ್ಲ, ಸರಿಯಾಗಿಯೇ ಇದೆ. ತಣ್ಣಗಿರುವ ಫಿಲಮೆಂಟಿನ ರೆಸಿಸ್ಟೆನ್ಸ್ ಬಹಳ ಕಡಿಮೆ, ಅದು ಜಾಸ್ತಿ ಕರೆಂಟ್ ಕೇಳಿತು, ನಿಮ್ಮ ಸಪ್ಲೈ 5ಕ್ಕೆ ನಿಲ್ಲಿಸಿತು. ಫಿಲಮೆಂಟ್ ಕಾದಂತೆ ರೆಸಿಸ್ಟೆನ್ಸ್ ಏರಿತು, ವೋಲ್ಟೇಜೂ ಏರಿತು. ಈಗ ವೋಲ್ಟೇಜ್ 4ಕ್ಕೆ, ಮಿತಿ 0.20ಕ್ಕೆ ಇಳಿಸಿ ಸಿಮ್ ಮಾಡ್ಯೂಲ್ ಹಚ್ಚಿ.