ಮೂನ್ (2009) ನೋಡಿದೆ, ಹಾಗಾದ್ರೆ ಆ ಸ್ಯಾಮ್ ಯಾರು? (ಕತೆ ಪೂರ್ತಿ ಬಿಚ್ಚಿದೀನಿ, ನೋಡದವರು ಓದ್ಬೇಡಿ)

ಮಳೆಹುಚ್ಚ, ಭಾಗಮಂಡಲ ಕಡೆ

ಕಕ್ಕಡದ ಮಳೆ, ಕರೆಂಟಿಲ್ಲ, ನೆಟ್‌ವರ್ಕ್ ಕೇಳ್ಲೇಬೇಡಿ. ಲ್ಯಾಪ್‌ಟಾಪಲ್ಲಿ ಚಾರ್ಜ್ ಇರೋದ್ರೊಳಗೆ ಡಂಕನ್ ಜೋನ್ಸ್ ಮಾಡಿದ ಮೂನ್ ನೋಡಿ ಮುಗಿಸ್ದೆ, ಈಗ ಮಡಿಕೇರಿಗೆ ಬಂದ್ಮೇಲೆ ಟೈಪ್ ಮಾಡ್ತಿದೀನಿ. ಸ್ಯಾಮ್ ಬೆಲ್ ಅನ್ನೋನು ಚಂದ್ರನಲ್ಲಿ ಹೀಲಿಯಂ-3 ಅನ್ನೋ ಇಂಧನ ತೆಗೆಯೋ ಮೆಷಿನ್ ನೋಡ್ಕೊಂಡು ಮೂರು ವರ್ಷದ ಕಾಂಟ್ರಾಕ್ಟಲ್ಲಿ ಒಬ್ನೇ ಇರ್ತಾನೆ, ಮಾತಾಡೋಕೆ ಗರ್ಟಿ ಅನ್ನೋ ರೋಬೋ ಬಿಟ್ರೆ ಗತಿ ಇಲ್ಲ, ಊರಿಗೆ ಹೊರಡೋಕೆ ಇನ್ನೇನು ಎರಡು ವಾರ ಅನ್ನುವಾಗ ಆಕ್ಸಿಡೆಂಟ್, ಆಮೇಲೆ ನೋಡಿದ್ರೆ ಅಲ್ಲಿ ಇನ್ನೊಬ್ಬ ಸ್ಯಾಮ್! ಇಬ್ರೂ ಅಸಲಿ ಸ್ಯಾಮ್‌ನ ಕ್ಲೋನ್, ಅಂದ್ರೆ ನಕಲು, ಅಲ್ಲಿವರೆಗೆ ಓಕೆ. ಆದ್ರೆ ಹೆಂಡ್ತಿ ಟೆಸ್, ಮಗಳು ಈವ್, ಆ ನೆನಪೆಲ್ಲ ಅಸಲಿ ಸ್ಯಾಮ್‌ದು, ಇವನ ತಲೆಗೆ ತುಂಬಿದ್ದು. ಹಾಗಾದ್ರೆ ಮಗಳಿಗೋಸ್ಕರ ಇವನು ಒದ್ದಾಡೋದು ಸುಳ್ಳಾ?

ತೋಟದರೈಟರ್, ಸಿದ್ದಾಪುರ

ಸುಳ್ಳು ಹೇಗಾಗುತ್ತೆ ಮಾರಾಯ. ಇಬ್ರೂ ಶುರುವಾಗಿದ್ದು ಒಂದೇ ನೆನಪಿಂದ, ಆದ್ರೆ ಒಬ್ರ ಥರ ಇನ್ನೊಬ್ರು ಇದಾರಾ ನೋಡು. ಹಳೇ ಸ್ಯಾಮ್ ಗಿಡದ ಜೊತೆ ಮಾತಾಡ್ಕೊಂಡು, ಮರ ಕೆತ್ತಿ ಊರಿನ ಮಾದರಿ ಮಾಡ್ಕೊಂಡು ಮೆತ್ತಗಾಗಿದಾನೆ, ಹೊಸಬನಿಗೆ ಮೂಗಿನ ತುದೀಲೇ ಸಿಟ್ಟು. ಮೂರು ವರ್ಷದ ಒಂಟಿತನ ಒಬ್ಬನಿಗೆ ಆಗಿದೆ, ಇನ್ನೊಬ್ಬನಿಗೆ ಆಗಿಲ್ಲ, ಅಷ್ಟೇ ಫರಕು. ಆ ಮಾದರಿ ಊರು ನೆನಪಿದ್ಯಾ, ಅದನ್ನ ಪೂರ್ತಿ ತಾನೇ ಮಾಡಿದ ನೆನಪಿಲ್ಲ ಅಂತಾನಲ್ಲ, ನಂಗೆ ಅಲ್ಲೇ ಮೈ ಜುಮ್ ಅಂದಿದ್ದು, ಅಂದ್ರೆ ಅವನಿಗಿಂತ ಮುಂಚೆ ಇದ್ದ ಸ್ಯಾಮ್ ಯಾವನೋ ಕೆತ್ತಿಟ್ಟು ಹೋಗಿದಾನೆ. ಕಂಪನಿಗೆ ಸ್ಯಾಮ್ ಅನ್ನೋದು ಒಂದು ಪೋಸ್ಟ್, ನಮ್ಮ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಬದಲಾದ್ರೂ ಆಳುಗಳ ಹಾಜರಿ ಬರೆಯೋ ಚೆಕ್‌ರೋಲ್ ಪುಸ್ತಕ ಅದೇ ಮುಂದುವರಿಯುತ್ತಲ್ಲ, ಹಾಗೆ.

ಕಾಡುಬೆಕ್ಕು

ಸೈನ್ಸ್ ಕಡೆಯಿಂದ ಒಂದು ಮಾತು. ಚಂದ್ರನಿಂದ ಇಲ್ಲಿಗೆ ರೇಡಿಯೋ ಸಿಗ್ನಲ್ ಬರೋಕೆ ಬರೀ 1.3 ಸೆಕೆಂಡ್ ಸಾಕು, ಲೈವ್ ಆಗೇ ಮಾತಾಡಬಹುದು. ಆದ್ರೆ ಇವನ ಬೇಸ್ ಇರೋದು ಚಂದ್ರನ ಆಚೆ ಬದಿ, ಅಲ್ಲಿಂದ ಭೂಮಿ ಕಾಣೋದೇ ಇಲ್ಲ, ಮಧ್ಯೆ ಸ್ಯಾಟಲೈಟ್ ಬೇಕೇ ಬೇಕು. ಚೀನಾದವರು 2019ರ ಜನವರೀಲಿ ಆ ಆಚೆ ಬದಿಗೆ ಚಾಂಗ್‌ಇ-4 ನೌಕೆ ಇಳಿಸೋಕೆ ಮುಂಚೆ 2018ರಲ್ಲೇ ಚ್ವೆಚ್ಯಾವ್ ಅನ್ನೋ ಸ್ಯಾಟಲೈಟ್ ಕಳಿಸಿದ್ದು ಇದಕ್ಕೇ. ಹಾಗಾಗಿ ಸ್ಯಾಟಲೈಟ್ ಕೆಟ್ಟಿದೆ ಅಂತ ಕಂಪನಿ ಬಿಡೋ ರೈಲನ್ನ ಸ್ಯಾಮ್ ನಂಬ್ತಾನೆ, ಅಸಲಿಗೆ ಸಿಗ್ನಲ್ ತಡೆಯೋ ಟವರ್ ನಿಲ್ಸಿರ್ತಾರೆ ಕಳ್ಳರು.

ಇನ್ನೊಂದು, ಅಪೊಲೊ 11ರಲ್ಲಿ ಜೊತೆಗಾರರು ಕೆಳಗಿಳಿದಾಗ ಮೈಕೆಲ್ ಕಾಲಿನ್ಸ್ ಒಬ್ರೇ ಚಂದ್ರನ್ನ ಸುತ್ತುವಾಗ ಪ್ರತೀ ಸುತ್ತಲ್ಲೂ ಮುಕ್ಕಾಲು ಗಂಟೆ ಹತ್ರ ಭೂಮಿ ಜೊತೆ ಸಂಪರ್ಕವೇ ಇರ್ತಿರ್ಲಿಲ್ಲ, ಆದ್ರೂ ಒಂಟಿತನ ಕಾಡ್ಲಿಲ್ಲ ಅಂತ ಬರ್ಕೊಂಡಿದಾರೆ. ಕೆಳಗೆ ಕಾಯ್ತಾ ಇರೋರು ಇದಾರೆ ಅಂತ ಅವರಿಗೆ ಗ್ಯಾರಂಟಿ ಇತ್ತು. ಸ್ಯಾಮ್‌ಗೆ ಅದೇ ಇಲ್ಲ.

ಕಾವೇರಿತೀರ, ಕುಶಾಲನಗರ

ಅಣ್ಣ, ನೀವು ಕೇಳಿದ ಪ್ರಶ್ನೆಗೆ ಆ ಫೋನ್ ಸೀನೇ ಉತ್ತರ. ಟವರ್ ದಾಟಿ ಹೋಗಿ ಕಾಲ್ ಮಾಡ್ತಾನೆ, ಪುಟ್ಟ ಪಾಪು ಅಂದ್ಕೊಂಡಿದ್ದ ಈವ್‌ಗೆ 15 ವರ್ಷ, ಟೆಸ್ ತೀರ್ಕೊಂಡಿದಾಳೆ, ಹಿಂದಿನಿಂದ ಅಸಲಿ ಅಪ್ಪನ ದನಿ ಬೇರೆ ಕೇಳುತ್ತೆ. ಇವನು ಜಗಳ ಮಾಡಲ್ಲ, ನಾನೂ ನಿನ್ನ ಅಪ್ಪ ಅನ್ನಲ್ಲ, ಕಾಲ್ ಕಟ್ ಮಾಡಿ ಅಳ್ತಾನೆ. ನೆನಪು ಸಾಲದ್ದೇ ಇರ್ಬಹುದು, ಮಗಳಿಗೆ ಆಘಾತ ಆಗ್ಬಾರ್ದು ಅಂತ ಸುಮ್ಮನಾಗೋ ನಿರ್ಧಾರ ಇವನದೇ ತಾನೆ? ಸ್ಯಾಮ್ ಪಾತ್ರ ಮಾಡಿದ ಸ್ಯಾಮ್ ರಾಕ್‌ವೆಲ್‌ಗೆ ಈ ಫಿಲ್ಮಿಗೆ ಆಸ್ಕರ್ ನಾಮಿನೇಷನ್ನೂ ಕೊಡ್ಲಿಲ್ಲ ಅಂತ ನಂಗೆ ಇವತ್ತಿಗೂ ಉರಿಯುತ್ತೆ.

ಮಳೆಹುಚ್ಚ

ಅಕ್ಕ ಹೇಳಿದ್ದು ಒಪ್ಪಿದೆ. ಆದ್ರೂ ಕೊನೇಲಿ ಒಬ್ಬ ಭೂಮಿಗೆ ಬರ್ತಾನಲ್ಲ, ಯಾವ ಆಧಾರ್ ಕಾರ್ಡ್ ತೋರಿಸ್ತಾನೆ? ಅಲ್ಲಿ ಆಗ್ಲೇ ಒಬ್ಬ ಸ್ಯಾಮ್ ಬೆಲ್ ಇದಾನೆ.

ತೋಟದರೈಟರ್

ಅದಕ್ಕೇ ಕೊನೇಲಿ ರೇಡಿಯೋದವನು ಇವನು ಹುಚ್ಚನೋ ಅಕ್ರಮವಾಗಿ ನುಸುಳಿದವನೋ ಇರ್ಬೇಕು ಅಂತ ಬೈಯೋದು. ಇದೇ ಡೈರೆಕ್ಟರ್ 2018ರಲ್ಲಿ ಮ್ಯೂಟ್ ಅಂತ ಮಾಡಿದ್ರು, ಅದರಲ್ಲಿ ಹಿಂದ್ಗಡೆ ಟಿವಿ ನ್ಯೂಸಲ್ಲಿ ಸ್ಯಾಮ್‌ಗಳ ವಿಷ್ಯ ಬಂದು ಹೋಗುತ್ತೆ. ಅದಕ್ಕೋಸ್ಕರ ಪೂರ್ತಿ ಫಿಲ್ಮ್ ನೋಡೋಕೆ ಹೋಗ್ಬೇಡ, ನಿದ್ದೆ ಬರುತ್ತೆ.