ಓದುಗರ ಸ್ಪಂದನ: ಜಪಸರ ಹಿಡಿದರೆ ಮಕ್ಕಳು ಮುಖ ಊದಿಸುತ್ತಾರೆ

(ಕಳೆದ ಸಂಚಿಕೆಯ ಸಮಸ್ಯೆ: ಮಂಗಳೂರು ಕಡೆಯ ಕಥೋಲಿಕ ತಾಯಿಯೊಬ್ಬರು, ಈಗ ಬೆಂಗಳೂರಿನಲ್ಲಿದ್ದಾರೆ. ರಾತ್ರಿ ಎಂಟಕ್ಕೆ ಜಪಸರಕ್ಕೆ, ಅಂದರೆ ಮಣಿ ಎಣಿಸುತ್ತಾ ಮಾಡುವ ಮರಿಯಮ್ಮನ ಪ್ರಾರ್ಥನೆಗೆ, ಕೂತರೆ 8 ವರ್ಷದ ಮಗ ತೂಕಡಿಸುತ್ತಾನೆ, 12ರ ಮಗಳು ಸಿಡುಕುತ್ತಾಳೆ. ಮೊನ್ನೆ ಮಗಳು, "ಅಮ್ಮಾ, ದೇವರು ನಿಂಗೆ ಯಾವತ್ತಾದ್ರೂ ಉತ್ತರ ಕೊಟ್ಟಿದ್ದಾನಾ?" ಎಂದು ಕೇಳಿದ್ದಾಳೆ.)

ತಂಗೀ, ಎಂಟು ಗಂಟೆಗೆ ನಿನಗೂ ನಿದ್ದೆ ಬರುತ್ತೆ, ಅಲ್ವಾ? ಐವತ್ತಮೂರು ನಮೋ ಮರಿಯ ಮುಗಿಯುವಷ್ಟರಲ್ಲಿ ನನ್ನ ಮಕ್ಕಳೂ ಚಾಪೆ ಮೇಲೆ ಉರುಳಿರುತ್ತಿದ್ದರು. ಆಮೇಲೆ ದಿನಕ್ಕೆ ಒಂದೇ ರಹಸ್ಯ, ಅಂದರೆ ಯೇಸು-ಮರಿಯಮ್ಮರ ಬದುಕಿನ ಒಂದು ಘಟನೆ ನೆನೆಯುವ ಭಾಗ, ಮಾಡಿದೆವು, ಅದೂ ಊಟಕ್ಕೆ ಮುಂಚೆ. ಹತ್ತು ಮಣಿ, ಅಷ್ಟೇ. ಆದರೆ ಮೊದಲು ಕಥೆ. ಗುರುವಾರ ಕಾನಾ ಊರಿನ ಮದುವೆ. ಊಟದ ಮಧ್ಯೆ ದ್ರಾಕ್ಷಾರಸ ಖಾಲಿ! ನಮ್ಮ ಕಡೆ ಮದುವೆಯಲ್ಲಿ ಅನ್ನ ಸಾಲದೆ ಹೋದರೆ ಮನೆಯವರ ಗತಿ ಏನು ಅಂತ ಮಕ್ಕಳನ್ನೇ ಕೇಳುತ್ತಿದ್ದೆ. ಅದನ್ನು ಗಮನಿಸಿ ಮಗ ಯೇಸುವಿನ ಕಿವಿಗೆ ಹಾಕಿದ್ದು ಮರಿಯಮ್ಮ. ಆರು ಕಲ್ಲಿನ ಬಾನಿಗೆ ನೀರು ತುಂಬಿಸಿದ್ದು ಆಳುಗಳು, ಆ ನೀರನ್ನೇ ಯೇಸು ದ್ರಾಕ್ಷಾರಸ ಮಾಡಿದ್ದು. "ನೀರು ಸೇದಿದವರಿಗೆ ಕೈ ನೋವಾಗಿರುತ್ತೆ" ಅಂದ ನನ್ನ ಚಿಕ್ಕವನು. ಕಥೆಯೊಳಗೆ ಅಷ್ಟು ಹೊಕ್ಕರೆ ಸಾಕು.

ಇನ್ನೊಂದು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗು. ಒಂಬತ್ತು ದಿನ ಹೂ ಕಿತ್ತು ಮಾತೆಯ ಮುಂದೆ ಎರಚಿ, ಹೊಸ ತೆನೆಯ ಭತ್ತ ಸುಲಿದು ಹಾಲಲ್ಲಿ ಕಲಸಿ ತಿಂದ ಮಗು ಅದನ್ನು ಮರೆಯಲ್ಲ. ರಜೆ ಸಿಗದಿದ್ದರೆ ಬಾಲ್ಕನಿಯ ದಾಸವಾಳವೇ ಸೈ.
– ಒಬ್ಬ ಅಜ್ಜಿ, ಬಂಟ್ವಾಳ

ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯವರು, ಜಪಸರ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಬೈಬಲಿನ ಮಾರ್ಕನ ಸುವಾರ್ತೆ ಓದುತ್ತೇವೆ. ಬರೀ 16 ಅಧ್ಯಾಯ, ದಿನಕ್ಕೆ ಐದಾರು ವಚನ. ಮಗನೇ ಕನ್ನಡದಲ್ಲಿ ತಡವರಿಸುತ್ತಾ ಓದುತ್ತಾನೆ. ಇಂಗ್ಲಿಷ್ ಮೀಡಿಯಂ ಹುಡುಗ, ಒತ್ತಕ್ಷರವೂ ಸುಧಾರಿಸಿತು. ಬಿರುಗಾಳಿಯಲ್ಲಿ ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದ ಅಂತ ಬಂದಾಗ, "ದೋಣಿಲಿ ದಿಂಬು ಯಾರು ಇಟ್ಟಿದ್ರು?" ಅಂದ. ನನಗೂ ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಬೇಡ.

ಮಗಳ ಪ್ರಶ್ನೆಗೆ ಬೈಯಬೇಡಿ. ಅವಳ ಜೊತೆ ಬೈಬಲಿನ 13ನೆಯ ಕೀರ್ತನೆ ಓದಿ. ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ದೇವರ ಮೇಲೇ ದೂರು ಹೇಳುವ ಹಾಡು ಅದು. ಅವಳದ್ದೂ ಅದೇ ದೂರು. ನಿಮ್ಮ ಯಾವ ಪ್ರಾರ್ಥನೆಗೆ ಉತ್ತರ ಸಿಕ್ಕಿಲ್ಲ ಅನ್ನೋದನ್ನೂ ಹೇಳಿಬಿಡಿ.
– ಒಬ್ಬ ತಂದೆ, ಧಾರವಾಡ

ಮೊದಲು ಹೇಳಿದವರಷ್ಟು ಸಡಿಲ ಬಿಡೋದು ನನಗೆ ಒಪ್ಪಿಗೆಯಿಲ್ಲ. ಕಡಿಮೆ ಮಾಡಿ, ಬಿಟ್ಟುಬಿಡಬೇಡಿ. "ಜಪ ಮಾಡಿದ್ರೆ ಮೊಬೈಲ್ ಕೊಡ್ತೀನಿ" ಅನ್ನೋ ವ್ಯಾಪಾರವಂತೂ ಬೇಡವೇ ಬೇಡ. ಆದರೆ ನನ್ನ ತಪ್ಪನ್ನೂ ಹೇಳಬೇಕು. ಇಪ್ಪತ್ತು ವರ್ಷ ಧರ್ಮೋಪದೇಶ ಕಲಿಸಿದವಳು ನಾನು. ಮನೆಯಲ್ಲಿ ಮಗ ಮಂತ್ರ ತಪ್ಪಿದಾಗೆಲ್ಲ ಮೊಣಕಾಲೂರಿಸಿ ನಿಲ್ಲಿಸುತ್ತಿದ್ದೆ, ಶಿಕ್ಷೆಗೆ. ಈಗ ಅವನಿಗೆ ಇಪ್ಪತ್ತೆಂಟು. ಕ್ರಿಸ್ಮಸ್‌ಗೆ ಬರ್ತಾನೆ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟೋಕೆ ಸಹಾಯ ಮಾಡ್ತಾನೆ, ಎಲ್ಲರೂ ಚರ್ಚಿನ ಪೂಜೆಗೆ ಹೊರಟಾಗ ಮಾತ್ರ ನಾಯಿ ಕಾಯ್ತೀನಿ ಅಂತ ಮನೆಯಲ್ಲೇ ಉಳಿತಾನೆ.
– ನಿವೃತ್ತ ಶಿಕ್ಷಕಿ, ಮೈಸೂರು